ಕಂಪ್ಯೂಟರ್ ಬಳಸಿ ಪಾಠ ಮಾಡಲು ಶಿಕ್ಷಕರನ್ನು ಸಜ್ಜುಗೊಳಿಸುವ ಬಗೆ: ತಾಲ್ಲೂಕು ಮಟ್ಟದ ತರಬೇತಿಗೆ ಸಮಗ್ರ ಮಾರ್ಗದರ್ಶಿ

ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಕಂಪ್ಯೂಟರ್ ಅಪರಿಚಿತವೇನಲ್ಲ. ಮಕ್ಕಳ ಪ್ರಗತಿ ದಾಖಲಿಸುವ ಸ್ಯಾಟ್ಸ್ ತಾಣದಲ್ಲಿ ಅಂಕ ತುಂಬುವುದು, ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯುಡೈಸ್‌ಗೆ ಮಾಹಿತಿ ಕೊಡುವುದು, ಬಿಸಿಯೂಟದ ಲೆಕ್ಕ ಕಳಿಸುವುದು ಎಲ್ಲವೂ ಅದರ ಮುಂದೆ ಕೂತೇ ಆಗುತ್ತಿವೆ. ಆದರೂ ಅದೇ ಯಂತ್ರವನ್ನು ಪೈಥಾಗೊರಸ್ ಪ್ರಮೇಯಕ್ಕೋ ವಿದ್ಯುತ್ ಮಂಡಲಕ್ಕೋ ಬಳಸಿ ಎಂದರೆ ಬಹಳ ಜನ ಹಿಂಜರಿಯುತ್ತಾರೆ. ಅಂಜಿಕೆಗಿಂತ ದೊಡ್ಡ ಕಾರಣವೊಂದಿದೆ: ಅವರಿಗೆ ಸಿಕ್ಕ ತರಬೇತಿ ಪಾಠದಿಂದ ಶುರುವಾಗಿರಲೇ ಇಲ್ಲ. ಮೊದಲ ದಿನ ಸಿಪಿಯು, ಮಾನಿಟರ್, ಕೀಬೋರ್ಡ್ ಎಂದು ಭಾಗಗಳ ಹೆಸರು, ಎರಡನೇ ದಿನ ಪತ್ರ ಟೈಪ್ ಮಾಡುವುದು, ಮೂರನೇ ದಿನ ಸ್ಲೈಡು, ಕೊನೆಗೆ ಪ್ರಮಾಣಪತ್ರ. ಶಾಲೆಗೆ ಮರಳಿದ ಮೇಲೆ ಹದಿನೈದು ದಿನ ಲ್ಯಾಬಿನ ಬೀಗ ತೆಗೆಯದಿದ್ದರೆ ಇದರಲ್ಲಿ ಯಾವುದೂ ಕೈಯಲ್ಲಿ ಉಳಿಯುವುದಿಲ್ಲ.

ಕೆಳಗಿನ ಕ್ರಮ ಇದಕ್ಕೆ ತಿರುವುಮುರುವು. ಶಿಕ್ಷಕರು ಮುಂದಿನ ವಾರ ತರಗತಿಯಲ್ಲಿ ಮಾಡಲೇಬೇಕಾದ ಪಾಠ ಮೊದಲು, ಅದಕ್ಕೆ ಬೇಕಾದಷ್ಟು ಕಂಪ್ಯೂಟರ್ ಆಮೇಲೆ. 20 ಗಣಿತ ಶಿಕ್ಷಕರು, 10 ಕಂಪ್ಯೂಟರ್, ಐದು ದಿನ ಎಂಬ ಲೆಕ್ಕದಲ್ಲಿ ಬರೆದಿದ್ದೇವೆ. ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಸಾಧನ ಬದಲಾಗುತ್ತದೆ, ನಡೆಸುವ ಬಗೆ ಬದಲಾಗುವುದಿಲ್ಲ.

ದಿನಗಳನ್ನು ಹಂಚುವುದು

ಐದು ದಿನವನ್ನು ಸೋಮವಾರದಿಂದ ಶುಕ್ರವಾರದವರೆಗೆ ಒಂದೇ ಉಸಿರಿಗೆ ಮುಗಿಸಬೇಡಿ. ಎರಡು ದಿನ, ಮೂರು ವಾರ ಬಿಟ್ಟು ಮತ್ತೆರಡು ದಿನ, ಇನ್ನೊಂದು ತಿಂಗಳು ಬಿಟ್ಟು ಕೊನೆಯ ಒಂದು ದಿನ. ನಡುವಿನ ಬಿಡುವೇ ನಿಜವಾದ ತರಬೇತಿ, ಏಕೆಂದರೆ ತೊಂದರೆಗಳು ಎದುರಾಗುವುದು ಶಾಲೆಯಲ್ಲಿ. ಮೊದಲ ಎರಡು ದಿನ ಕಲಿತದ್ದನ್ನು ತರಗತಿಯಲ್ಲಿ ಒಮ್ಮೆ ಮಾಡಿ, ಎಲ್ಲಿ ಸಿಕ್ಕಿಕೊಂಡೆವೆಂದು ಅರಿತು ಬಂದವರು ಮೂರನೇ ದಿನ ಕೇಳುವ ಪ್ರಶ್ನೆಗಳೇ ಬೇರೆ. ಓಓಡಿ ಆದೇಶವನ್ನು, ಅಂದರೆ ತರಬೇತಿಯ ದಿನಗಳನ್ನು ಅನ್ಯ ಕರ್ತವ್ಯವೆಂದು ಪರಿಗಣಿಸುವ ಆದೇಶವನ್ನು, ಮೂರು ಕಂತಿನ ದಿನಾಂಕ ಸಮೇತ ಆರಂಭದಲ್ಲೇ ಒಂದೇ ಸಲ ಹೊರಡಿಸಲು ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಯನ್ನು ಕೇಳಿಕೊಳ್ಳಿ. ಕಂತು ಕಂತಾಗಿ ಆದೇಶ ಬಂದರೆ ಎರಡನೇ ಸಲಕ್ಕೆ ಬೇರೆ ಶಿಕ್ಷಕರು ಬಂದು ಕೂರುತ್ತಾರೆ, ಆಗ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪರೀಕ್ಷೆಯ ತಿಂಗಳುಗಳನ್ನು ಬಿಟ್ಟುಬಿಡಿ. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧ ಮುಗಿದ ಮೇಲೆ, ದಸರಾ ರಜೆಗೆ ಮುಂಚೆ ಸಿಗುವ ಅವಧಿ ಒಳ್ಳೆಯದು.

ಒಂದು ಕಂಪ್ಯೂಟರಿಗೆ ಇಬ್ಬರು, ಮೂವರು ಬೇಡ. ಮೂವರಾದರೆ ಮೂರನೆಯವರು ಮಧ್ಯಾಹ್ನದ ಹೊತ್ತಿಗೆ ಫೋನ್ ನೋಡುತ್ತಾ ಕೂತಿರುತ್ತಾರೆ. 20 ಜನಕ್ಕೆ ತರಬೇತಿ ನಡೆಸುವ ಇಬ್ಬರು ಸಂಪನ್ಮೂಲ ವ್ಯಕ್ತಿಗಳು ಬೇಕು: ಒಬ್ಬರು ಮುಂದೆ, ಇನ್ನೊಬ್ಬರು ಸಾಲುಗಳ ನಡುವೆ. ಇಬ್ಬರಲ್ಲಿ ಒಬ್ಬರಾದರೂ ಅದೇ ವಿಷಯ ಬೋಧಿಸುವ ಶಿಕ್ಷಕರಾಗಿರಲಿ. ಕಂಪ್ಯೂಟರ್ ಎಷ್ಟೇ ಬಲ್ಲವರಾದರೂ ಎಂಟನೇ ತರಗತಿಯ ಮಕ್ಕಳು ಕೋನವನ್ನು ಎಲ್ಲಿ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆಂದು ಗೊತ್ತಿಲ್ಲದವರು ಈ ತರಬೇತಿಯನ್ನು ಅರ್ಧಕ್ಕಿಂತ ಮುಂದೆ ಒಯ್ಯಲಾರರು.

ವಾರದ ಮುಂಚೆ ಒಂದು ಹಾಳೆ

ಬರುವ ಪ್ರತಿಯೊಬ್ಬ ಶಿಕ್ಷಕರಿಗೂ ಒಂದು ವಾರ ಮೊದಲೇ ಒಂದು ಪುಟದ ಪ್ರಶ್ನೆಪಟ್ಟಿ ಕಳಿಸಿ. ‘ನಿಮಗೆ ಕಂಪ್ಯೂಟರ್ ಬರುತ್ತದೆಯೇ’ ಎಂದು ಕೇಳಬೇಡಿ. ಬರುವವರೂ ಸಂಕೋಚದಿಂದ ಇಲ್ಲ ಎನ್ನುತ್ತಾರೆ, ಬಾರದವರೂ ಮುಜುಗರದಿಂದ ಹೌದು ಎನ್ನುತ್ತಾರೆ. ಕೆಲಸದ ಹೆಸರು ಹಿಡಿದು ಕೇಳಿ: ಫೋನಿನಲ್ಲಿ ತೆಗೆದ ಫೋಟೊವನ್ನು ಕಂಪ್ಯೂಟರಿಗೆ ಹಾಕಿದ್ದೀರಾ? ಕನ್ನಡದಲ್ಲಿ ಒಂದು ಪ್ರಶ್ನೆಪತ್ರಿಕೆಯನ್ನು ಸ್ವತಃ ಟೈಪ್ ಮಾಡಿದ್ದೀರಾ? ಪ್ರೊಜೆಕ್ಟರನ್ನು ನೀವೇ ಜೋಡಿಸಿದ್ದೀರಾ? ನಿಮ್ಮ ಶಾಲೆಯಲ್ಲಿ ಇಂದು ಚಾಲೂ ಆಗುವ ಕಂಪ್ಯೂಟರ್ ಎಷ್ಟು, ಲ್ಯಾಬಿನ ಬೀಗದ ಕೈ ಯಾರ ಬಳಿ ಇದೆ? ಮುಂದಿನ ತಿಂಗಳು ಯಾವ ಪಾಠ ಬರುತ್ತದೆ?

ಬೀಗದ ಕೈಯ ಪ್ರಶ್ನೆ ಸಣ್ಣದೆಂದು ಬಿಟ್ಟುಬಿಡಬೇಡಿ. ಅದು ಬೇರೊಬ್ಬರ ಮನೆಯಲ್ಲಿದ್ದರೆ ಎಷ್ಟು ತರಬೇತಿ ಕೊಟ್ಟರೂ ಪಾಠ ನಡೆಯುವುದಿಲ್ಲ. ಈ ಹಾಳೆಯ ಕೆಳಗೆ ಮುಖ್ಯ ಶಿಕ್ಷಕರ ಸಹಿಗೆ ಜಾಗವಿಟ್ಟು, ‘ಈ ಶಿಕ್ಷಕರಿಗೆ ವಾರಕ್ಕೆ ಒಂದು ಅವಧಿ ಲ್ಯಾಬ್ ಸಿಗುತ್ತದೆ’ ಎಂಬ ಒಂದು ಸಾಲು ಸೇರಿಸಿ.

ಪ್ರಶ್ನೆಪಟ್ಟಿ ನೋಡಿಕೊಂಡು ಜೋಡಿ ಮಾಡಿ. ತುಂಬ ಬಲ್ಲವರನ್ನೂ ಏನೂ ತಿಳಿಯದವರನ್ನೂ ಜೊತೆಗೆ ಕೂರಿಸಿದರೆ ಮೌಸ್ ಒಬ್ಬರ ಕೈಯಲ್ಲೇ ಉಳಿಯುತ್ತದೆ. ಸರಿಸುಮಾರು ಒಂದೇ ಮಟ್ಟದವರು ಒಟ್ಟಿಗಿದ್ದರೆ ಇಬ್ಬರೂ ಧೈರ್ಯವಾಗಿ ತಪ್ಪು ಮಾಡುತ್ತಾರೆ.

ಲ್ಯಾಬನ್ನು ಹಿಂದಿನ ದಿನವೇ ಸಿದ್ಧ ಮಾಡುವುದು

ಹಿಂದಿನ ದಿನ ಕನಿಷ್ಠ ಮೂರು ಗಂಟೆ ಬೇಕು. ವಿದ್ಯುತ್ತಿನಿಂದ ಶುರು ಮಾಡಿ. ಒಂದು ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 100ರಿಂದ 150 ವ್ಯಾಟ್ ಎಳೆಯುತ್ತವೆ. ಹತ್ತಕ್ಕೆ 1,000ದಿಂದ 1,500 ವ್ಯಾಟ್, ಪ್ರೊಜೆಕ್ಟರ್ ಸೇರಿದರೆ ಇನ್ನೊಂದು 250ರಿಂದ 300. ಗೋಡೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ತಾಳುವುದು ಹೆಚ್ಚೆಂದರೆ 1,380 ವ್ಯಾಟ್. ಒಂದೇ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಬಾಕ್ಸ್ ಪೋಣಿಸಿ ಹತ್ತೂ ಕಂಪ್ಯೂಟರನ್ನು ಓಡಿಸಿದರೆ ವೈರು ಬಿಸಿಯಾಗುತ್ತದೆ, ಪ್ಲಗ್ಗಿನ ಪಿನ್ ಕರಗುತ್ತದೆ. ಒಂದು ಸಾಕೆಟ್ಟಿಗೆ ನಾಲ್ಕೈದು ಕಂಪ್ಯೂಟರಿಗಿಂತ ಹೆಚ್ಚು ಬೇಡ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಚುಚ್ಚಲೇಬಾರದು. ಅದರೊಳಗಿನ ಹೀಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಕೈಕೊಟ್ಟು, ಅದಕ್ಕೆ ಜೋಡಿಸಿದ ಕಂಪ್ಯೂಟರ್‌ಗಳೂ ಆರಿಹೋಗುತ್ತವೆ.

600 ವಿಎ ಯುಪಿಎಸ್ ಬ್ಯಾಟರಿ ಗಟ್ಟಿಯಿದ್ದರೆ ಒಂದು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ನಡೆಸುತ್ತದೆ. ಎರಡು ಮೂರು ವರ್ಷ ಹಳೆಯದಾದರೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಕರೆಂಟು ಹೋದ ಕೂಡಲೇ ಎಲ್ಲವೂ ಆರುತ್ತದೆ. ದೀಪ ನಂಬಬೇಡಿ. ಕಂಪ್ಯೂಟರ್ ಚಾಲೂ ಇಟ್ಟು ಗೋಡೆಯ ಸ್ವಿಚ್ ಆರಿಸಿ ನೋಡಿ.

ಮುಂದಿನದು ದಿನಾಂಕ. ಬೇಸಿಗೆ ರಜೆಯೆಲ್ಲ ಮುಚ್ಚಿಟ್ಟ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ, ಅಂದರೆ 3 ವೋಲ್ಟಿನ ಸಿಆರ್ 2032, ಸತ್ತಿರುವುದು ತೀರಾ ಸಾಮಾನ್ಯ. ಆಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಹೊರಗೆ ಕಾಣುವ ಲಕ್ಷಣ ಮಾತ್ರ ಬೇರೆ: ಇಂಟರ್ನೆಟ್ ಇದ್ದರೂ ಯಾವ ಜಾಲತಾಣ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಕಂಪ್ಯೂಟರಿನ ಹಳೆಯ ದಿನಾಂಕಕ್ಕೆ ಹೊಂದುವುದಿಲ್ಲ, ಅದಕ್ಕೇ ಹೀಗೆ. ಶಿಕ್ಷಕರು ನೆಟ್ ಸರಿಯಿಲ್ಲ ಎಂದು ಕೈಬಿಡುತ್ತಾರೆ. ಐದು ಹೊಸ ಬ್ಯಾಟರಿ ಜೇಬಿನಲ್ಲಿರಲಿ. ಬದಲಾಯಿಸುವುದನ್ನು ತರಬೇತಿಯಲ್ಲೇ ಶಿಕ್ಷಕರ ಕೈಯಿಂದ ಮಾಡಿಸಿ, ಎರಡು ನಿಮಿಷದ ಕೆಲಸ. ಚಾಲೂ ಮಾಡಿದಾಗ ಬೀಪ್ ಹೊಡೆದು ಪರದೆ ಕಪ್ಪಾಗಿಯೇ ಉಳಿಯುವ ಯಂತ್ರಗಳದ್ದು ಬಹುಮಟ್ಟಿಗೆ ರ್‍ಯಾಮ್ ತೊಂದರೆ. ಪ್ಲಗ್ ತೆಗೆದು, ರ್‍ಯಾಮ್ ಕಳಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಬದಿಯ ಕೊಕ್ಕೆ ಟಕ್ ಎನ್ನುವಂತೆ ಕೂರಿಸಿ.

ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಇಳಿಸಿ ಎರಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. 20 ಜನ ಒಂದೇ ಹೊತ್ತಿಗೆ ಒಂದು ಫೋನಿನ ಹಾಟ್‌ಸ್ಪಾಟಿನಿಂದ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಇಳಿಸಲು ಹೊರಟರೆ ಬೆಳಗ್ಗೆಯ ಅವಧಿ ಮುಗಿದೇಹೋಗುತ್ತದೆ. ನೆಟ್ ಇಲ್ಲದೆಯೂ ನಡೆಯುವ ಜಿಯೋಜೀಬ್ರಾ ಕ್ಲಾಸಿಕ್ 5, ಪ್ರಶ್ನೆಪತ್ರಿಕೆ ಬರೆಯಲು ಲಿಬ್ರೆ ಆಫೀಸ್, ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಕೆಲವು ಫೆಟ್ ಅನುಕರಣೆಗಳು, ಇಷ್ಟು ಸಾಕು. ಹತ್ತು ಸಾಧನಗಳ ಹೆಸರು ತೋರಿಸುವುದಕ್ಕಿಂತ ಒಂದನ್ನು ಕೈಗೆ ಹತ್ತಿಸುವುದು ಮೇಲು.

ಪೆನ್‌ಡ್ರೈವ್ ಚುಚ್ಚಿದಾಗ ಫೋಲ್ಡರ್‌ಗಳೆಲ್ಲ ಒಂದೆರಡು ಕೆಬಿಯ ಶಾರ್ಟ್‌ಕಟ್‌ಗಳಾಗಿ ಕಂಡರೆ ಅದು ವೈರಸ್. ಕಡತಗಳು ಅಳಿದಿರುವುದಿಲ್ಲ, ಮರೆಯಾಗಿರುತ್ತವೆ. ಆ ಶಾರ್ಟ್‌ಕಟ್ ಒತ್ತಿದವರ ಕಂಪ್ಯೂಟರಿಗೂ ಅಂಟುತ್ತದೆ. ಸಾಲಿನಲ್ಲಿ ಒಂದು ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಟ್ಟುಕೊಳ್ಳಿ, ಹೊರಗಿನಿಂದ ಬಂದ ಪೆನ್‌ಡ್ರೈವ್‌ಗಳನ್ನು ಮೊದಲು ಅಲ್ಲೇ ತೆರೆದು ನೋಡಿ. ವಿಂಡೋಸಿಗೆಂದು ಬರೆದ ಈ ವೈರಸ್ ಅಲ್ಲಿ ಓಡುವುದಿಲ್ಲ, ಮರೆಯಾದ ಕಡತಗಳೂ ಅಲ್ಲಿ ಕಾಣುತ್ತವೆ. 2 ಜಿಬಿ ರ್‍ಯಾಮಿನ ಹಳೆಯ ಯಂತ್ರವಾದರೆ ಉಬುಂಟು ಬದಲು ಹಗುರವಾದ ಲುಬುಂಟು ಹಾಕಿ.

ಪ್ರೊಜೆಕ್ಟರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷಿಸಿ, ಸಂಜೆಯಲ್ಲ. ಹೊಳೆಯುವ ಆಯಿಲ್ ಪೇಂಟ್ ಗೋಡೆಯಲ್ಲಿ ದೀಪದ ಪ್ರತಿಬಿಂಬ ಕಣ್ಣು ಕುಕ್ಕುತ್ತದೆ. ಮಂಕಾದ ಬಿಳಿ ಸುಣ್ಣದ ಗೋಡೆಯೋ ಬಿಗಿಯಾಗಿ ಕಟ್ಟಿದ ದಪ್ಪ ಬಿಳಿ ಬಟ್ಟೆಯೋ ವಾಸಿ. ಹಳೆಯ ಪ್ರೊಜೆಕ್ಟರಿಗೆ ವಿಜಿಎ ಕೇಬಲ್, ಹೊಸ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್. ನಡುವಿನ ಅಡಾಪ್ಟರ್ ಒಂದನ್ನು ಜೊತೆಯಲ್ಲಿ ಒಯ್ಯದಿದ್ದರೆ ಅಂದಿನ ಪ್ರದರ್ಶನ ನಡೆದಂತೆಯೇ.

ಮೊದಲ ದಿನ ಬೆಳಗ್ಗೆ

ಉದ್ಘಾಟನೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ನೇರವಾಗಿ ಒಂದು ಪಾಠ ಮಾಡಿ ತೋರಿಸಿ: ಶಿಕ್ಷಕರೇ ಮಕ್ಕಳು, ಸಂಪನ್ಮೂಲ ವ್ಯಕ್ತಿ ಶಿಕ್ಷಕ, 25 ನಿಮಿಷ. ಇದರಲ್ಲಿ ಕಂಪ್ಯೂಟರ್ ಕಾಣಬೇಕಾದದ್ದು ಹತ್ತು ಹನ್ನೆರಡು ನಿಮಿಷ ಮಾತ್ರ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಕಪ್ಪುಹಲಗೆಯಲ್ಲಿ ಆಗದ ಯಾವ ಕೆಲಸ ಇಲ್ಲಿ ಆಯಿತು?

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಗದ ಪಾಠಕ್ಕೆ ಕಂಪ್ಯೂಟರ್ ಬೇಡವೇ ಬೇಡ. ಸೆಲ್ಲು, ಬಲ್ಬು, ವೈರು ಶಾಲೆಯಲ್ಲೇ ಇರುವಾಗ ಬಲ್ಬು ಹೊತ್ತಿಸುವುದನ್ನು ಪರದೆಯ ಮೇಲೆ ತೋರಿಸುವುದು ಮಕ್ಕಳಿಗೆ ನಷ್ಟ. ಬಲ್ಬನ್ನು ಕೈಯಲ್ಲಿ ಹೊತ್ತಿಸಲಿ. ತಂತಿಯೊಳಗೆ ಎಲೆಕ್ಟ್ರಾನ್ ಹರಿಯುವುದು ಕಣ್ಣಿಗೆ ಕಾಣದ್ದು, ಅದಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆ ಬರಲಿ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ‘ಟಿಪ್ಯಾಕ್’ ಚೌಕಟ್ಟಿನ ತಿರುಳೂ ಇದೇ: ವಿಷಯದ ಅರಿವು, ಕಲಿಸುವ ಬಗೆಯ ಅರಿವು, ಯಂತ್ರದ ಅರಿವು ಒಂದಕ್ಕೊಂದು ಕೂಡಿದ ಜಾಗದಲ್ಲಿ ಒಳ್ಳೆಯ ಪಾಠ ಹುಟ್ಟುತ್ತದೆ, ಬಿಡಿಬಿಡಿಯಾಗಿ ಕಲಿಸಿದರೆ ಹುಟ್ಟುವುದಿಲ್ಲ.

ಅಲ್ಲಿಂದ ಮುಂದೆ ಮೌಸ್ ಶಿಕ್ಷಕರದ್ದು. ಸಂಪನ್ಮೂಲ ವ್ಯಕ್ತಿಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ: ಯಾರ ಮೌಸನ್ನೂ ಮುಟ್ಟಬಾರದು. ಸಹಾಯಕ್ಕೆ ಕರೆದಾಗ ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳಿ. ‘ಕೊಡಿ, ನಾನು ಮಾಡಿಕೊಡ್ತೀನಿ’ ಎಂದು ಹತ್ತು ಸೆಕೆಂಡಿನಲ್ಲಿ ಮಾಡಿಕೊಟ್ಟ ಕೆಲಸವನ್ನು ಆ ಶಿಕ್ಷಕರು ಶಾಲೆಯಲ್ಲಿ ಮಾಡಲಾರರು. ಪ್ರತಿ ಹದಿನೈದು ನಿಮಿಷಕ್ಕೆ ಗಂಟೆ ಬಾರಿಸಿ, ಜೋಡಿಯಲ್ಲಿ ಮೌಸ್ ಕೈ ಬದಲಾಗಲಿ.

ಕನ್ನಡ ಟೈಪಿಂಗ್: ಒಂದೂವರೆ ಗಂಟೆ

ಕನ್ನಡದಲ್ಲಿ ಬರೆಯಲು ಬಾರದ ಯಂತ್ರ ಕನ್ನಡ ಮಾಧ್ಯಮದ ಶಿಕ್ಷಕರಿಗೆ ಅನ್ಯವಾಗಿಯೇ ಉಳಿಯುತ್ತದೆ. ಆದ್ದರಿಂದ ಇದು ಮೊದಲ ದಿನವೇ ಬರಲಿ.

ಕಗಪ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸದಿಂದ ಶುರು ಮಾಡಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವುದೂ ಇದೇ. ಕೀ ಒತ್ತಿದರೆ ಅಕಾರ ಸಹಿತ ವ್ಯಂಜನ, ಮೇಲೆ ಸ್ವರದ ಕೀ ಒತ್ತಿದರೆ ಗುಣಿತ, ನಡುವೆ ಇಂಗ್ಲಿಷಿನ ಎಫ್ ಒತ್ತಿದರೆ ಒತ್ತಕ್ಷರ. ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್. ‘ಶಾಲೆ’ ಎನ್ನಲು ಶಿಫ್ಟ್ ಹಿಡಿದು ಎಸ್, ಶಿಫ್ಟ್ ಹಿಡಿದು ಎ, ಆಮೇಲೆ ಎಲ್, ಇ. ಎಲ್ಲರೂ ಎಡವುವುದು ಟ, ಡ ಅಕ್ಷರಗಳಲ್ಲಿ. ಟಿ ಮತ್ತು ಡಿ ಕೀಗಳು ತ, ದ ಕೊಡುತ್ತವೆ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ಹಾಗಾಗಿ ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಷ ಇರುವುದು ಎಕ್ಸ್ ಕೀಯಲ್ಲಿ. ‘ಶಿಕ್ಷಕ’ ಬರೆಯಲು ಶಿಫ್ಟ್ ಹಿಡಿದು ಎಸ್, ಆಮೇಲೆ ಐ, ಕೆ, ಎಫ್, ಎಕ್ಸ್, ಕೆ. ಈ ಮೂರು ಪದ, ತಮ್ಮ ಹೆಸರು, ಶಾಲೆಯ ಹೆಸರು, ಮುಂದಿನ ಪಾಠದ ಶೀರ್ಷಿಕೆ ಇಷ್ಟನ್ನು ಬರೆದರೆ ಅಂದಿಗೆ ಸಾಕು. ವೇಗ ತಾನಾಗಿ ಬರುತ್ತದೆ.

ಇನ್ನೆರಡು ಕಡೆ ತೊಡಕು ಕಾದಿರುತ್ತದೆ. ಮೊದಲನೆಯದು ಹಳೆಯ ಆಸ್ಕಿ ಫಾಂಟ್. ಶಾಲೆಯಲ್ಲಿ ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಆ ಕಡತದೊಳಗೆ ಇರುವುದು ನಿಜಕ್ಕೂ ಲ್ಯಾಟಿನ್ ಸಂಕೇತಗಳೇ, ಫಾಂಟು ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತದೆ. ಹೊಸದನ್ನೆಲ್ಲ ಕನ್ನಡ ಅಕ್ಷರಗಳಿಗೆ ಸ್ವಂತ ಸಂಕೇತವಿರುವ ಯೂನಿಕೋಡಿನಲ್ಲೇ ಬರೆಸಿ, ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ತೆಗೆದು ಒಮ್ಮೆ ಓದಿಸಿ. ಅರ್ಕಾವೊತ್ತು ಮತ್ತು ದೀರ್ಘಗಳ ಮೇಲೆ ವಿಶೇಷ ಕಣ್ಣಿರಲಿ. ಎರಡನೆಯದು ಲಿಬ್ರೆ ಆಫೀಸಿನಲ್ಲಿ ಕಾಡುವಂಥದ್ದು: ಕನ್ನಡ ಅಕ್ಷರದ ಗಾತ್ರ ಎಷ್ಟು ಬದಲಿಸಿದರೂ ಬದಲಾಗುವುದಿಲ್ಲ. ಆ ತಂತ್ರಾಂಶ ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಬೇರೆ ಗುಂಪಿನಲ್ಲಿ ಇಟ್ಟು, ಅದರ ಫಾಂಟು, ಗಾತ್ರಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳುತ್ತದೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್ (ಹೊಸ ಆವೃತ್ತಿಗಳಲ್ಲಿ ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್) ಒಳಗೆ ಅದನ್ನು ಚಾಲೂ ಮಾಡಿ ಕನ್ನಡ ಆರಿಸಿದರೆ ಈ ಗೋಳು ತೀರುತ್ತದೆ.

ಒಂದು ಪಾಠ, ಹತ್ತಿರದಿಂದ

ಮಧ್ಯಾಹ್ನ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ತಂತ್ರಾಂಶ ಇದು, ಶಾಲೆಗೆ ಉಚಿತ. ಮೆನುಗಳ ಪರಿಚಯ ಬೇಡ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠವನ್ನೇ ತೆಗೆದುಕೊಳ್ಳಿ.

1. ಸಾಧನಪಟ್ಟಿಯ ಐದನೇ ಪೆಟ್ಟಿಗೆಯಿಂದ ಬಹುಭುಜ ಆರಿಸಿ. ಹಾಳೆಯ ಮೇಲೆ ಮೂರು ಕಡೆ ಒತ್ತಿ, ಕೊನೆಗೆ ಮೊದಲ ಬಿಂದುವನ್ನೇ ಮತ್ತೆ ಒತ್ತಿ. ಈ ನಾಲ್ಕನೇ ಒತ್ತು ಬಿಟ್ಟರೆ ಆಕೃತಿ ಮುಚ್ಚುವುದಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ.

2. ಎಂಟನೇ ಪೆಟ್ಟಿಗೆಯಿಂದ ಕೋನ ಆರಿಸಿ ತ್ರಿಭುಜದ ಒಳಗೆ ಒಮ್ಮೆ ಒತ್ತಿ. ಮೂರೂ ಕೋನ ಕಾಣುತ್ತವೆ. ಅರ್ಧ ಜನಕ್ಕೆ 60ರ ಬದಲು 300ರಂತಹ ದೊಡ್ಡ ಸಂಖ್ಯೆ, ತ್ರಿಭುಜದ ಹೊರಗೆ ಸುತ್ತಿದ ಬಿಲ್ಲು ಬರುತ್ತದೆ. ಬಿಂದುಗಳನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಒತ್ತಿದ್ದರಿಂದ ಹೀಗಾಯಿತು. ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಒತ್ತಿದರೆ ಒಳಕೋನ ಸಿಗುತ್ತದೆ. ಕೂಡಲೇ ಸರಿಪಡಿಸಿಕೊಡಬೇಡಿ. ಯಾಕೆ ಹೀಗಾಯಿತೆಂದು ಪಕ್ಕದ ಜೋಡಿಯ ಜೊತೆ ಹೋಲಿಸಿ ಅವರೇ ಕಂಡುಕೊಳ್ಳಲಿ, ಆಮೇಲೆ ಮರೆಯುವುದಿಲ್ಲ.

3. ಕೆಳಗಿನ ಇನ್‌ಪುಟ್ ಪಟ್ಟಿಯಲ್ಲಿ ಮೂರು ಕೋನಗಳ ಹೆಸರನ್ನು ಕೂಡಿಸಿ ಬರೆದು ಎಂಟರ್ ಒತ್ತಿ. ಆಲ್ಫಾಕ್ಕೆ ಆಲ್ಟ್ ಹಿಡಿದು ಎ, ಬೀಟಾಕ್ಕೆ ಆಲ್ಟ್ ಹಿಡಿದು ಬಿ, ಗಾಮಾಕ್ಕೆ ಆಲ್ಟ್ ಹಿಡಿದು ಜಿ. ಎಡಗಡೆ 180 ಡಿಗ್ರಿ ಎಂದು ಬರುತ್ತದೆ.

4. ಮೊದಲ ಪೆಟ್ಟಿಗೆಯ ಬಾಣ ಆರಿಸಿ ಒಂದು ಶೃಂಗವನ್ನು ಹಿಡಿದು ಎಳೆಯಿರಿ. ಮೂರು ಕೋನಗಳೂ ಓಡುತ್ತವೆ, ಮೊತ್ತ ಅಲುಗುವುದಿಲ್ಲ. ಕಪ್ಪುಹಲಗೆಯಲ್ಲಿ ಆಗದ ಕೆಲಸ ಇದು.

5. ಆಪ್ಷನ್ಸ್ ಮೆನುವಿನಲ್ಲಿ ಅಕ್ಷರದ ಗಾತ್ರವನ್ನು 24ಕ್ಕೆ ಏರಿಸಿ. ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡದೆ ಯಾವ ಕಡತವನ್ನೂ ಮುಗಿದಿದೆ ಎನ್ನಬೇಡಿ.

ಇಲ್ಲೊಂದು ಬಲೆ ಇದೆ, ಅದನ್ನು ಬೇಕೆಂದೇ ತೋರಿಸಬೇಕು. ಆಪ್ಷನ್ಸ್‌ನಲ್ಲಿ ದಶಮಾಂಶ ಸ್ಥಾನಗಳನ್ನು ಸೊನ್ನೆಗಿಳಿಸಿ. ನಿಜವಾದ ಕೋನಗಳು 62.6, 58.7, 58.7 ಇದ್ದರೆ ಪರದೆಯಲ್ಲಿ 63, 59, 59 ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಕೂಡಿದ ಹುಡುಗಿ ಎದ್ದು ನಿಂತು ‘ಮಿಸ್, 181 ಬಂತು’ ಎನ್ನುತ್ತಾಳೆ. ತಯಾರಿಲ್ಲದ ಶಿಕ್ಷಕರು ಕಂಪ್ಯೂಟರೇ ತಪ್ಪೆಂದೋ, ಹುಡುಗಿಯದೇ ತಪ್ಪೆಂದೋ ಹೇಳಿ ಮುಂದೆ ಹೋಗುತ್ತಾರೆ. ತಯಾರಾದವರು ದಶಮಾಂಶ ಸ್ಥಾನ ಏರಿಸಿ, ಅಂದಾಜಿಸುವುದು ಅಂದರೇನು, ಅಳತೆ ಬೇರೆ, ಸಾಧನೆ ಅಂದರೆ ತರ್ಕದ ರುಜುವಾತು ಬೇರೆ ಏಕೆ ಎಂಬಲ್ಲಿಗೆ ಪಾಠವನ್ನು ಒಯ್ಯುತ್ತಾರೆ. ಎಷ್ಟು ತ್ರಿಭುಜ ಎಳೆದು ನೋಡಿದರೂ ಅದು ಸಾಧನೆಯಾಗುವುದಿಲ್ಲ ಎಂಬ ಮಾತನ್ನು ಶಿಕ್ಷಕರು ಇಲ್ಲೇ ಆಡಬೇಕು, ಸಮಾಂತರ ರೇಖೆ ಎಳೆದು ಸಾಧಿಸುವ ಕೆಲಸವನ್ನು ಕಪ್ಪುಹಲಗೆಗೆ ಬಿಡಬೇಕು.

ಎರಡನೇ ದಿನಕ್ಕೆ ಎಳೆದು ನೋಡುವ ಪರೀಕ್ಷೆ ಇಟ್ಟುಕೊಳ್ಳಿ. ಲಂಬಕೋನ ತ್ರಿಭುಜ ರಚಿಸಲು ಹೇಳಿ. ಹೆಚ್ಚಿನವರು ಕಣ್ಣಂದಾಜಿನಲ್ಲಿ, ಚೌಕಳಿ ನೋಡಿಕೊಂಡು ಮೂರು ಬಿಂದು ಇಡುತ್ತಾರೆ. 90 ಡಿಗ್ರಿ ಬಂದೂ ಬಿಡುತ್ತದೆ. ಶೃಂಗ ಹಿಡಿದು ಎಳೆದ ಕೂಡಲೇ 87 ಆಗುತ್ತದೆ. ನಾಲ್ಕನೇ ಪೆಟ್ಟಿಗೆಯ ಲಂಬರೇಖೆ ಬಳಸಿ, ಮೂರನೇ ಬಿಂದುವನ್ನು ಆ ರೇಖೆಯ ಮೇಲೆಯೇ ಇಟ್ಟು ಕಟ್ಟಿದವರದ್ದು ಎಷ್ಟು ಎಳೆದರೂ 90ರಲ್ಲೇ ನಿಲ್ಲುತ್ತದೆ. ಚಿತ್ರ ಬಿಡಿಸುವುದಕ್ಕೂ ರಚನೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇದು. ಇಲ್ಲಿಗೆ ತಲುಪಿದ ಶಿಕ್ಷಕರು ಉಳಿದ ಸಾಧನಗಳನ್ನು ತಾವೇ ಹುಡುಕಿ ಕಲಿಯುತ್ತಾರೆ.

ಪಾಠಯೋಜನೆಯ ಅರ್ಧ ಪುಟ

ಎರಡನೇ ದಿನ ಮಧ್ಯಾಹ್ನ ಪ್ರತಿಯೊಬ್ಬರೂ ತಮ್ಮದೇ ಪಾಠಕ್ಕೆ ಒಂದು ಕಡತ, ಅರ್ಧ ಪುಟದ ಯೋಜನೆ ಮಾಡಿಕೊಂಡೇ ಹೊರಡಬೇಕು. 40 ನಿಮಿಷದ ಅವಧಿಯಲ್ಲಿ ಪರದೆಗೆ 12ರಿಂದ 15 ನಿಮಿಷ. ಪರದೆ ತೋರಿಸುವ ಮುಂಚೆ ಕೇಳುವ ಮೂರು ಪ್ರಶ್ನೆಗಳನ್ನು ಯೋಜನೆಯಲ್ಲಿ ಅಕ್ಷರಶಃ ಬರೆದಿರಬೇಕು. ಉದಾಹರಣೆಗೆ, ‘ಈ ಶೃಂಗವನ್ನು ಮೇಲಕ್ಕೆ ಎಳೆದರೆ ಯಾವ ಕೋನ ಕಿರಿದಾಗುತ್ತದೆ? ಮೊದಲು ಬರೆದಿಡಿ.’ ಊಹೆ ಬರೆಯದ ಮಕ್ಕಳು ಪರದೆಯನ್ನು ಸಿನಿಮಾದಂತೆ ನೋಡುತ್ತಾರೆ, ಆಮೇಲೆ ಕೇಳಿದರೆ ಬಣ್ಣ ಮಾತ್ರ ನೆನಪಿರುತ್ತದೆ.

ಯೋಜನೆಯ ಕೊನೆಯ ಸಾಲು ಕರೆಂಟು ಹೋದರೆ ಏನು ಎಂಬುದು. ತ್ರಿಭುಜದ ಪಾಠಕ್ಕೆ ಉತ್ತರ ಸುಲಭ: ಪ್ರತಿ ಮಗು ಹಳೆಯ ಕಾಗದದಲ್ಲಿ ಒಂದು ತ್ರಿಭುಜ ಕತ್ತರಿಸಿ, ಮೂರು ಮೂಲೆ ಹರಿದು, ಒಂದು ಬಿಂದುವಿನ ಸುತ್ತ ಜೋಡಿಸಿದರೆ ನೇರಗೆರೆ ಬರುತ್ತದೆ. ಇಂಥ ಸಾಲಿಲ್ಲದ ಯೋಜನೆಗೆ ಒಪ್ಪಿಗೆ ಕೊಡಬೇಡಿ. ಒಮ್ಮೆ ಮಕ್ಕಳ ಮುಂದೆ ಕೈಕಟ್ಟಿ ನಿಂತ ಶಿಕ್ಷಕರು ಮತ್ತೆ ಲ್ಯಾಬಿನತ್ತ ತಲೆಹಾಕುವುದು ಕಷ್ಟ.

ಹೊರಡುವ ಮುಂಚೆ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಬೇಕು. ಕಡತ ಉಳಿಸಿದ್ದೇವೆಂದುಕೊಂಡು ಅದರ ಶಾರ್ಟ್‌ಕಟ್ ಮಾತ್ರ ಒಯ್ಯುವವರು ಪ್ರತಿ ತಂಡದಲ್ಲೂ ಇಬ್ಬರು ಮೂವರಿರುತ್ತಾರೆ. ‘ತುಂಬಾ ಚೆನ್ನಾಗಿತ್ತು’ ಎಂದು ಬರೆಸಿಕೊಳ್ಳುವ ಅಭಿಪ್ರಾಯ ಪತ್ರಕ್ಕಿಂತ ಈ ಪರೀಕ್ಷೆ ನಂಬಿಕಸ್ಥ.

45 ಮಕ್ಕಳು, 10 ಕಂಪ್ಯೂಟರ್

ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳಾದರೆ ಗದ್ದಲ ಖಚಿತ. ತರಗತಿಯನ್ನು ಅರ್ಧ ಮಾಡಿ ಹೊರಗೆ ಬಿಡುವಂತಿಲ್ಲ, ನೋಡಿಕೊಳ್ಳಲು ಇನ್ನೊಬ್ಬ ಶಿಕ್ಷಕರಿಲ್ಲ. ಅದೇ ಕೋಣೆಯಲ್ಲಿ ಅರ್ಧ ಮಕ್ಕಳು ನೆಲದ ಮೇಲೆ ಕೂತು ಕಾಗದದ ಕೆಲಸ ಮಾಡಲಿ, ಉಳಿದರ್ಧ ಕಂಪ್ಯೂಟರಿನ ಮುಂದೆ. 15 ನಿಮಿಷಕ್ಕೆ ಅದಲುಬದಲು. ಹೀಗಾದರೆ ಯಂತ್ರಕ್ಕೆ ಇಬ್ಬರು ಮೂವರು: ಒಬ್ಬರು ಮೌಸ್, ಒಬ್ಬರು ಬರವಣಿಗೆ, ಮೂರನೆಯವರಿದ್ದರೆ ಪರದೆಯ ಅಂಕಿ ಓದಿ ಹೇಳುವ ಕೆಲಸ. ಹುಡುಗರು ಹುಡುಗಿಯರು ಬೆರೆತ ಗುಂಪಿನಲ್ಲಿ ಮೌಸ್ ಹುಡುಗರ ಕೈಗೆ ಜಾರುತ್ತದೆ, ಗಂಟೆ ಹೊಡೆದು ಬದಲಿಸುವ ನಿಯಮ ಇಲ್ಲೂ ಇರಲಿ.

ಶಾಲೆಯಲ್ಲಿ ಒಂದೇ ಲ್ಯಾಪ್‌ಟಾಪು, ಒಂದೇ ಪ್ರೊಜೆಕ್ಟರ್ ಇದ್ದರೆ ಶಿಕ್ಷಕರು ಮೌಸನ್ನು ಮಕ್ಕಳಿಗೆ ಕೊಟ್ಟು ತಾವು ಹಿಂದಿನ ಬೆಂಚಿಗೆ ಹೋಗಿ ನಿಲ್ಲಲಿ. ಅಲ್ಲಿಂದ ಪರದೆ ಹೇಗೆ ಕಾಣುತ್ತದೆಂದೂ ತಿಳಿಯುತ್ತದೆ, ಪ್ರಶ್ನೆ ಕೇಳಲೂ ಸುಲಭ.

ನಡುವಿನ ಮೂರು ವಾರ, ಉಳಿದ ಮೂರು ದಿನ

ಈ ಮೂರು ವಾರದಲ್ಲಿ ಪ್ರತಿ ಶಿಕ್ಷಕರೂ ಒಂದು ಪಾಠ ಮಾಡಬೇಕು, ಒಂದೇ. ಜೊತೆಗೆ ಐದು ಸಾಲಿನ ಟಿಪ್ಪಣಿ: ಯಾವ ಮಗು ಏನು ಕೇಳಿತು, ಎಲ್ಲಿ ನಿಂತುಹೋಯಿತು. ವಾಟ್ಸ್ಆ್ಯಪ್ ಗುಂಪು ಬೇಕು, ಆದರೆ ಅದರಲ್ಲಿ ಶುಭೋದಯ, ಸುತ್ತೋಲೆಗಳಿಗೆ ಜಾಗವಿಲ್ಲವೆಂದು ಮೊದಲ ದಿನವೇ ಒಪ್ಪಿಕೊಳ್ಳಲಿ. ತೊಂದರೆ ಬರೆಯುವಾಗ ‘ಬರ್ತಿಲ್ಲ’ ಎಂದಷ್ಟೇ ಬರೆಯದೆ ಪರದೆಯ ಫೋಟೊ ಹಾಕುವ ಅಭ್ಯಾಸ ಮಾಡಿಸಿ. ಸಂಪನ್ಮೂಲ ವ್ಯಕ್ತಿ ಸಾಧ್ಯವಾದಷ್ಟು ಶಾಲೆಗಳಿಗೆ ಹೋಗಿ ಒಂದು ಅವಧಿ ಹಿಂದೆ ಕೂತು ನೋಡಲಿ. ನಡುವೆ ಎದ್ದು ಹೋಗಿ ಸರಿಪಡಿಸುವುದು ಬೇಡ, ಮಕ್ಕಳ ಮುಂದೆ ಶಿಕ್ಷಕರ ಮುಖ ಸಣ್ಣದಾಗಬಾರದು.

ಮೂರನೇ ದಿನದ ಬೆಳಗ್ಗೆಯೆಲ್ಲ ಆ ಟಿಪ್ಪಣಿಗಳಿಗೆ. ಪಾಠ ಮಾಡಲಾಗದೆ ಬಂದವರನ್ನು ಗದರಬೇಡಿ, ಕಾರಣ ಬರೆದುಕೊಳ್ಳಿ: ಕರೆಂಟು, ಬೀಗ, ಬದಲಿ ತರಗತಿ, ಕೆಟ್ಟ ಯುಪಿಎಸ್. ಇದರಲ್ಲಿ ಮುಖ್ಯ ಶಿಕ್ಷಕರ ಮಟ್ಟದಲ್ಲಿ ಬಗೆಹರಿಯುವುದೆಷ್ಟು, ಬಿಇಒ ಕಚೇರಿಗೆ ಹೋಗಬೇಕಾದದ್ದೆಷ್ಟು ಎಂದು ವಿಂಗಡಿಸಿ ಅಂದೇ ಪತ್ರ ಬರೆಯಿರಿ. ನಾಲ್ಕನೇ ದಿನ ಎರಡನೇ ಪಾಠ, ಈ ಸಲ ಜೋಡಿ ಬದಲಿಸಿ, ಸಹಾಯ ಕಡಿಮೆ ಮಾಡಿ. ಕೇಂದ್ರ ಸರ್ಕಾರದ ದೀಕ್ಷಾ ಕಲಿಕಾ ತಾಣದಿಂದಲೋ ಬೇರೆ ಮುಕ್ತ ಸಂಪನ್ಮೂಲ ತಾಣಗಳಿಂದಲೋ ತಂದ ಪಾಠವನ್ನು ಇದ್ದ ಹಾಗೇ ಹಾಕದೆ ತಮ್ಮ ತರಗತಿಗೆ ತಕ್ಕಂತೆ ಕತ್ತರಿಸಿಕೊಳ್ಳುವುದನ್ನು ಅಂದು ಕಲಿಸಿ. ಹತ್ತು ನಿಮಿಷದ ವಿಡಿಯೊದಲ್ಲಿ ತರಗತಿಗೆ ಬೇಕಾದದ್ದು ಬಹಳ ಸಲ ಎರಡೇ ನಿಮಿಷ. ಎಲ್ಲಿಂದ ಎಲ್ಲಿಯವರೆಗೆಂದು ಸಮಯ ಬರೆದಿಟ್ಟುಕೊಳ್ಳಲಿ.

ಐದನೇ ದಿನ ಹೊಸದೇನನ್ನೂ ಕಲಿಸಬೇಡಿ. 20 ಜನರ 40 ಕಡತಗಳನ್ನು ತರಗತಿ, ಅಧ್ಯಾಯ, ಶಾಲೆಯ ಹೆಸರಿನ ಕ್ರಮದಲ್ಲಿ ಒಂದೇ ಫೋಲ್ಡರಿಗೆ ಜೋಡಿಸಿ. ‘ಹೊಸದು’, ‘ಕೊನೆಯದು 2’ ಎಂಬ ಹೆಸರಿನ ಕಡತ ಆರು ತಿಂಗಳ ಮೇಲೆ ಬರೆದವರಿಗೇ ಗುರುತು ಸಿಗುವುದಿಲ್ಲ. ಪ್ರತಿ ಕಡತವನ್ನೂ ಬೇರೆ ಶಾಲೆಯ ಒಬ್ಬರು ತೆರೆದು, ಎಳೆದು ನೋಡಿ, ತಿದ್ದಲಿ. ಫೋಲ್ಡರಿನ ಒಂದೊಂದು ಪ್ರತಿ ಪ್ರತಿ ಶಾಲೆಯ ಲ್ಯಾಬಿಗೆ, ಒಂದು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೆ, ಒಂದು ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟಿಗೆ. ಅದರ ಜೊತೆಗೇ ಒಂದು ಲಕೋಟೆ: ಎರಡು ಸಿಆರ್ 2032 ಬ್ಯಾಟರಿ, ಒಂದು ಪೆನ್ಸಿಲ್ ರಬ್ಬರು, ಲ್ಯಾಬಿನ ವೇಳಾಪಟ್ಟಿಯ ಪ್ರತಿ. ಬೀಗದ ಕೈ ಇನ್ನು ಮೇಲೆ ಯಾರ ಬಳಿ ಇರುತ್ತದೆಂಬುದನ್ನು ಲಕೋಟೆಯ ಮೇಲೆ ಬರೆಸಿ, ಮುಖ್ಯ ಶಿಕ್ಷಕರಿಗೆ ಕೊಟ್ಟು ಬನ್ನಿ.